ಪುಟ್ಟಿಗೆ, ಆ ಕೈ ಮುಗಿಯೋರ ವಿಷಯಕ್ಕೆ

ಪುಟ್ಟೀ,

ನಿನ್ನ ಕಾಗದ ಮೂರು ಸಲ ಓದ್ದೆ. ಬ್ಯಾಂಕ್ ಬಿಟ್ಟಿದ್ದು, ಈ ವಯಸ್ಸಲ್ಲಿ ಲಾ ಕಾಲೇಜಿಗೆ ಹೋಗಿದ್ದು, ನಿಮ್ಮಪ್ಪ ಮಾತು ಬಿಟ್ಟಿದ್ದು ಎಲ್ಲಾ ಗೊತ್ತಿರೋದೇ, ಬಿಡು. ಚಿಕ್ಕಬಳ್ಳಾಪುರದಲ್ಲಿ ಜೂನಿಯರ್ ಆಗಿ ಸೇರ್ಕೊಂಡೆ ಅನ್ನೋದು ಕೇಳಿ ನಿಮ್ಮ ದೊಡ್ಡಮ್ಮ ಆಂಜನೇಯನಿಗೆ ವಡೆಹಾರ ಹೊತ್ಕೊಂಡಿದ್ದಾಳೆ. ಆದ್ರೆ ಕೊನೇಲಿ ಬರ್ದಿದ್ದೀಯಲ್ಲ, ಸೀನಿಯರ್‌ಗೆ ಮೂವತ್ತೆರಡು, ನಿಂಗೆ ನಲವತ್ತನಾಲ್ಕು, ಕಕ್ಷಿದಾರರು ಒಳಗೆ ಬಂದೋರು ನಿನ್ನ ಬಿಳಿಕೂದಲು ನೋಡಿ ನಿಂಗೇ ಮೊದಲು ಕೈ ಮುಗೀತಾರೆ, ಆಗ ನಂಗೆ ಮೋಸ ಮಾಡ್ದಂಗೆ ಆಗುತ್ತೆ ದೊಡ್ಡಪ್ಪ, ಅಂತ. ಅದು ಓದಿದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ ಕಣಮ್ಮ.

ಯಾಕೆ ಅಂದ್ರೆ ನಂಗೂ ಕೈ ಮುಗೀತಿದ್ರು. ಚಿಂತಾಮಣೀಲಿ ರಿಜಿಸ್ಟ್ರಿ ಆಫೀಸ್ ಮುಂದೆ ಕ್ರಯಪತ್ರ ಬರ್ಕೊಂಡು ಕೂತಿದ್ದೋನು ನಾನು, ಆದ್ರೂ ಹಳ್ಳಿ ಜನಕ್ಕೆ ನಾನೇ ಲಾಯರಪ್ಪ. ನಂಗೂ ಕೇಳೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಒಂದು ದಿನ ಕೈವಾರದ ಕಡೆಯಿಂದ ಒಬ್ಬ ಮುದುಕ ಬಂದ, ಅರ್ಧ ತೆಲುಗು ಅರ್ಧ ಕನ್ನಡ, ಎರಡೆಕರೆ ತಗೊಳ್ತಿದ್ದ, ಪತ್ರ ಎಲ್ಲಾ ಓದಿಸ್ಕೊಂಡು ಬಾವಿ ಹತ್ರ ಹೋಗೋ ಬಂಡಿ ದಾರಿ ಇದ್ರಲ್ಲಿ ಸೇರಿದ್ಯಾ ಅಂತ ಕೇಳ್ದ. ನಂಗೆ ಗೊತ್ತಿರ್ಲಿಲ್ಲ. ಚೆಕ್ಕುಬಂದಿ, ಅಂದ್ರೆ ಜಮೀನಿನ ನಾಲ್ಕೂ ಕಡೆ ಏನೇನಿದೆ ಅನ್ನೋದನ್ನ, ಹಳೇ ಪತ್ರ ನೋಡಿ ಇಳಿಸಿದ್ದೆ, ಅಷ್ಟೇ. ಅವನು ಕೈ ಮುಗಿದು ನಿಂತಿದ್ದ ನೋಡು, ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ಇದೆ ಇದೆ ಹೋಗು ಅಂದ್ಬಿಟ್ಟೆ. ಇರ್ಲಿಲ್ಲ. ನಾಲ್ಕು ವರ್ಷಕ್ಕೆ ಪಕ್ಕದೋನು ಬೇಲಿ ಹಾಕ್ದ, ಕೋರ್ಟಿಗೆ ಹೋಯ್ತು, ಮುದುಕನ ಮಕ್ಕಳು ಅಲೆದಿದ್ದೇ ಅಲೆದಿದ್ದು. ಆ ಮುದುಕ ಮಾತ್ರ ಬಸ್ ಸ್ಟ್ಯಾಂಡಲ್ಲಿ ನನ್ನ ಕಂಡಾಗೆಲ್ಲ ಕೈ ಮುಗೀತಾನೇ ಇದ್ದ. ಬೈದಿದ್ರೆ ಮರ್ತು ಹೋಗ್ತಿತ್ತೇನೋ.

ಅದಕ್ಕೇ ಹೇಳ್ತಿರೋದು, ಅವರು ಕೈ ಮುಗಿದಾಗ ನಿಂಗೆ ಮುಜುಗರ ಆಗುತ್ತಲ್ಲ, ಅದು ಮೋಸ ಅಲ್ಲ. ನಂಗೆ ಹೆದ್ರಿಕೆ ಬೇರೆ. ಒಂದಿನ ಮುಜುಗರ ಆಗೋದು ನಿಂತು ಹೋಗುತ್ತಲ್ಲ, ಆ ದಿನದ್ದು. ಸರ್ ಹತ್ರ ಕೇಳಿ ಹೇಳ್ತೀನಿ ಕೂತ್ಕೊಳ್ಳಿ ಅನ್ನು, ಆ ಹುಡುಗನ್ನ ಎಲ್ಲರ ಮುಂದೇನೇ ಸರ್ ಅನ್ನು, ಏನೂ ಕಳ್ಕೊಳ್ಳಲ್ಲ. ನಾನೇನು ದೊಡ್ಡ ಹೇಳೋನು, ಆದ್ರೂ.

ತಡ ಆಯ್ತು ಅಂತಾನೂ ಬರ್ದಿದ್ದೀಯ. 1993ರಲ್ಲಿ ನಂಗೆ 43. ಬಿ.ಎ. ಇತ್ತು, ಮೂರು ವರ್ಷ ಓದಿ ಕೋಟು ಹಾಕೋಣ ಅಂತ ಅಪ್ಲಿಕೇಶನ್ ಕೂಡ ತಂದಿದ್ದೆ, ನಿಮ್ಮಪ್ಪನಿಗೂ ಗೊತ್ತಿಲ್ಲ ಇದು. ಆಗ ಬಾರ್ ಕೌನ್ಸಿಲ್‌ನೋರು 45 ದಾಟಿದೋರನ್ನ ವಕೀಲರಾಗಿ ಸೇರಿಸ್ಕೊಳ್ಳಲ್ಲ ಅಂತ ರೂಲ್ ಮಾಡಿದ್ರು. ಲೆಕ್ಕ ಹಾಕ್ದೆ, ಮುಗಿಸೋ ಹೊತ್ತಿಗೆ 46. ಅಪ್ಲಿಕೇಶನ್ ಮಡಿಚಿ ಟ್ರಂಕಲ್ಲಿ ಹಾಕ್ದೆ. 1995ರಲ್ಲೇ ಸುಪ್ರೀಂ ಕೋರ್ಟ್ ಆ ರೂಲ್ ಹೊಡೆದು ಹಾಕಿತ್ತಂತೆ, ನಂಗೆ ಗೊತ್ತಾಗಿದ್ದು ಹತ್ತು ವರ್ಷದ ಮೇಲೆ, ಅದೂ ಕಡಲೆಕಾಯಿ ಕಟ್ಟಿದ್ದ ಪೇಪರಲ್ಲಿ. ನಗ್ಬೇಕೋ ಅಳ್ಬೇಕೋ. ಯಾರನ್ನಾದ್ರೂ ಒಂದು ಮಾತು ಕೇಳಿದ್ರೆ ಆಗ್ತಿತ್ತು, ಕೇಳ್ಲಿಲ್ಲ. ಲಾಯರಪ್ಪ ಅನ್ನಿಸ್ಕೊಂಡೋನು ಯಾರ ಹತ್ರ ಹೋಗಿ ಕೇಳೋದು.

ಇನ್ನೊಂದು. ಮೋಸದ ಸೆಕ್ಷನ್ 420 ಅಂದ್ರೆ ಎಮ್ಮೆ ಮೇಯಿಸೋನಿಗೂ ಗೊತ್ತಿತ್ತು, ಐಪಿಸಿ ಹೋಗಿ ಹೊಸ ಕಾನೂನು ಬಂದು ಈಗ ಅದು 318 ಅಂತಲ್ಲ. ಕೊಲೆಗೆ 302 ಹೋಗಿ 103. ಜುಲೈ 2024ರಿಂದ ಮೂವತ್ತು ವರ್ಷ ವಕಾಲತ್ತು ಮಾಡಿದೋರೂ ಹೊಸ ಪುಸ್ತಕ ತಿರುವಿ ಹಾಕ್ತಿದ್ದಾರೆ, ಅದಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೇ ಸೆಕ್ಷನ್ನೇ ಹಾಕ್ಬೇಕು, ಅದು ಬೇರೆ. ಅಲ್ಲಿ ನೀನೊಬ್ಬಳೇ ಹೊಸಬಳಲ್ಲ.

ಜಮೀನಿನ ಕೇಸೇ ಜಾಸ್ತಿ ಬರೋದು ನಿಮ್ಮ ಕಡೆ. ಪಹಣಿ ತಂದ್ರೆ 9ನೇ ಕಾಲಮ್ಮಲ್ಲಿ ಮಾಲೀಕರ ಹೆಸರು ನೋಡಿ ಸುಮ್ನಾಗ್ಬೇಡ, 11ನೇ ಕಾಲಮ್ಮಲ್ಲಿ ಸಾಲ ಗೀಲ ಇದ್ಯಾ ನೋಡು. ದಾರಿ ಎಲ್ಲಿ ಅಂತ ನೀನೇ ಕೇಳು, ಅವರು ಕೇಳೋವರೆಗೂ ಕಾಯ್ಬೇಡ. ಬ್ಯಾಂಕಲ್ಲಿ ಇಪ್ಪತ್ತು ವರ್ಷ ಪತ್ರ ನೋಡಿದೋಳಿಗೆ ಇದನ್ನ ಹೇಳೋಕೆ ನಂಗೇ ನಾಚಿಕೆ. ತೆಲುಗಲ್ಲಿ ಮಾತಾಡ್ಸು, ಬಾಗೇಪಲ್ಲಿ ಕಡೆಯೋರು ಅರ್ಧ ವಿಷಯ ತೆಲುಗಲ್ಲೇ ಬಿಡೋದು. ಖಾಲಿ ಹಾಳೆಗೆ ಯಾರ ಹೆಬ್ಬೆಟ್ಟೂ ಒತ್ತಿಸ್ಕೊಬೇಡ, ಸರ್ ಹೇಳಿದ್ರೂ.

ಮತ್ತೆ ಅದೇ ಮಾತಿಗೆ ಬರ್ತೀನಿ, ಬೇಜಾರಾಗ್ಬೇಡ. ಅವರು ಕೈ ಮುಗಿದ್ರೆ ನೀನೂ ಮುಗಿ, ಆಮೇಲೆ ಸರ್ ರೂಮು ತೋರ್ಸು.

ದೊಡ್ಡಮ್ಮ ತಲೆಗೆ ಬಣ್ಣ ಹಚ್ಕೋ ಅಂತ ಹೇಳು ಅಂತಿದ್ದಾಳೆ, ತೊಂದ್ರೆ ತಪ್ಪುತ್ತಂತೆ. ಬೇಡ ಅಂತ ನಾನು. ಒಂದು ಗಂಟೆಯಿಂದ ಇದೇ ಜಗಳ ಇಲ್ಲಿ. ನಿನ್ನಿಷ್ಟ.

ದೊಡ್ಡಪ್ಪ