ಮೈಗೆ ಕೈ ಹಚ್ಚುವ ಮುಂಚೆ ನಾಲ್ಕು ಮಾತು ಕೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪುರವಣಿಯಲ್ಲಿ ಮಾಲೀಸಿನ ಬಗ್ಗೆ ಅರ್ಧ ಪುಟ ಬಂದಿತ್ತು. ಫೋಟೊ ಚೆನ್ನಾಗಿತ್ತು, ಓದಿ ಖುಷಿಯೂ ಆಯಿತು, ಯಾಕೆಂದರೆ ನನ್ನ ಹೊಟ್ಟೆ ತುಂಬುವುದೇ ಆ ಕೆಲಸದಿಂದ. ಬೆಳಗಾವಿಯ ಒಂದು ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ವಸ್ತಾದರ ಕೈಕೆಳಗೆ ತಿಕ್ಕೋದು ಕಲಿತು, ಆಮೇಲೆ ಒಂದು ಕೋರ್ಸ್ ಮಾಡಿ, ಈಗ ವಡಗಾವಿಯಲ್ಲಿ ಸಣ್ಣದೊಂದು ಕೋಣೆ ಇಟ್ಟುಕೊಂಡಿದ್ದೇನೆ. ಮಾಲೀಸು ಮಾಡಿಸಿದರೆ ಏನೇನು ಲಾಭ ಅಂತ ಲೇಖನದಲ್ಲಿ ಉದ್ದಕ್ಕೆ ಇತ್ತು. ಯಾರು ಮಾಡಿಸಬಾರದು, ಮಾಡಿಸುವವರು ಮೊದಲೇ ಏನು ಹೇಳಬೇಕು, ಮಾಡುವವರು ಏನು ಕೇಳಬೇಕು ಅನ್ನೋದಕ್ಕೆ ಮಾತ್ರ ಒಂದು ಸಾಲೂ ಇರಲಿಲ್ಲ. ನನ್ನ ಪ್ರಕಾರ ಅರ್ಧ ಕೆಲಸ ಇರುವುದೇ ಅಲ್ಲಿ. ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಕತ್ತರಿ ಹಾಕಲೇಬೇಕು ಅಂದರೆ ಲಾಭದ ಭಾಗಕ್ಕೆ ಹಾಕಿ.

ಮೊದಲು, ಮಾಲೀಸು ಮೈಯೊಳಗಿನ 'ವಿಷ ಹೊರಹಾಕುತ್ತದೆ' ಅನ್ನೋ ಮಾತು. ಮೈಯಲ್ಲಿನ ಬೇಡದ್ದನ್ನು ಹೊರಹಾಕುವುದು ಯಕೃತ್ತು ಮತ್ತು ಮೂತ್ರಪಿಂಡ, ಅವು ನಾನು ಎಣ್ಣೆ ಹಚ್ಚಲಿ ಬಿಡಲಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಕಸರತ್ತು ಮಾಡಿದಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲದ ಕಥೆಯೂ ಅಷ್ಟೇ. ತಾಲೀಮಿನಲ್ಲಿ ನಮಗೂ ಅದನ್ನೇ ಹೇಳಿಕೊಟ್ಟಿದ್ದರು, ತಿಕ್ಕಿದರೆ ಅದು ಇಳಿದು ಹೋಗುತ್ತದೆ ಅಂತ. ನಿಜ ಏನೆಂದರೆ ಕಸರತ್ತು ನಿಲ್ಲಿಸಿದ ಒಂದು ತಾಸಿನೊಳಗೆ ಅದು ತಾನಾಗಿಯೇ ಇಳಿದಿರುತ್ತದೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿ 2010ರಲ್ಲಿ ಪ್ರಕಟಿಸಿದರು. ದಣಿದ ಸ್ನಾಯುವನ್ನು ತಿಕ್ಕಿದಾಗ ರಕ್ತದ ಓಟ ಕಡಿಮೆಯಾಗಿ, ಆ ಆಮ್ಲ ಹೊರಹೋಗುವುದು ಇನ್ನೂ ತಡವಾಗಿತ್ತು! ಮರುದಿನ ಮೈಕೈ ನೋಯುವುದಕ್ಕೆ ಅದು ಕಾರಣವೇ ಅಲ್ಲ. ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗಿ ಒಳಗೆ ಉರಿಯೂತ ಆಗುವುದರಿಂದ ಆ ನೋವು ಬರುತ್ತದೆ.

ಹಾಗಾದರೆ ಮಾಲೀಸು ಸುಮ್ನೆ ದುಡ್ಡು ದಂಡವೇ? ಅಲ್ಲ. 2012ರಲ್ಲಿ ಕೆನಡಾದ್ದೇ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಹುಡುಗರಿಗೆ ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದೇ ಕಾಲಿಗೆ 10 ನಿಮಿಷ ಮಾಲೀಸು ಮಾಡಿ, ಎರಡೂ ತೊಡೆಯಿಂದ ಸಣ್ಣ ಚೂರು ಸ್ನಾಯು ತೆಗೆದು ಪರೀಕ್ಷೆ ಮಾಡಿದರು. ತಿಕ್ಕಿದ ಕಾಲಿನಲ್ಲಿ ಉರಿಯೂತದ ಲಕ್ಷಣ ಕಡಿಮೆ ಇತ್ತು. ಲ್ಯಾಕ್ಟಿಕ್ ಆಮ್ಲದಲ್ಲಿ ಮಾತ್ರ ಫರಕು ಇರಲಿಲ್ಲ. ಬೆನ್ನುನೋವಿನ ಬಗ್ಗೆ ಅಮೆರಿಕದಲ್ಲಿ 401 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆ ಇದೆ, 2011ರದ್ದು. ವಾರಕ್ಕೊಮ್ಮೆಯಂತೆ 10 ವಾರ ಮಾಡಿಸಿಕೊಂಡವರು ಬರೀ ಮಾಮೂಲಿ ಚಿಕಿತ್ಸೆಯಲ್ಲಿ ಇದ್ದವರಿಗಿಂತ ಚೆನ್ನಾಗಿ ಓಡಾಡಿಕೊಂಡಿದ್ದರು, ಆದರೆ ವರ್ಷ ಕಳೆಯುವ ಹೊತ್ತಿಗೆ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಇನ್ನೊಂದು ವಿಷಯ. ಮೆತ್ತಗೆ ನೀವಿಸಿಕೊಂಡವರಿಗೂ, ಸ್ನಾಯು ಹುಡುಕಿ ಒತ್ತಿಸಿಕೊಂಡವರಿಗೂ ಹೆಚ್ಚುಕಡಿಮೆ ಒಂದೇ ಫಲ ಸಿಕ್ಕಿತು. 'ಜೋರ ತಿಕ್ಕರಿ, ರೊಕ್ಕ ಕೊಟ್ಟೀನಿ' ಅನ್ನುವ ನಮ್ಮ ಉದ್ಯಮಬಾಗದ ಲೇತ್ ಮಷೀನಿನ ಅಣ್ಣಂದಿರು ಇದನ್ನು ದಯವಿಟ್ಟು ಎರಡು ಸಲ ಓದಬೇಕು.

ಕೈ ಒಳಗೆ ಏನು ಮಾಡುತ್ತದೆ ಅನ್ನೋದನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ನಿಧಾನವಾಗಿ, ಒಂದೇ ಸಮನೆ ನೀವುತ್ತಾ ಹೋದರೆ ಉಸಿರು ಉದ್ದವಾಗುತ್ತದೆ, ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ. ಮುಟ್ಟಿದ ಸುದ್ದಿ ನರಗಳ ಮೂಲಕ ಹೋಗಿ ನೋವಿನ ಸುದ್ದಿಗೆ ಸ್ವಲ್ಪ ಹೊತ್ತು ಅಡ್ಡ ನಿಲ್ಲುತ್ತದೆ. ಬೆನ್ನಿನ ಗಂಟು ಕರಗುವುದು ರೊಟ್ಟಿ ಹಿಟ್ಟು ನಾದಿದ ಹಾಗೆ ನಾನು ನಾದಿದ್ದಕ್ಕಲ್ಲ. ಬಿಗಿಹಿಡಿದಿದ್ದ ಸ್ನಾಯುವಿಗೆ ಮೆದುಳು 'ಇನ್ನು ಸಡಿಲ ಬಿಡು' ಅಂದಿದ್ದಕ್ಕೆ. ಹಾಗಾಗಿ ಮಲಗಿದವರ ಮನಸ್ಸಿಗೆ ಹೆದರಿಕೆ, ಸಂಕೋಚ, ಅನುಮಾನ ಇದ್ದರೆ ಎಷ್ಟು ತಿಕ್ಕಿದರೂ ಅಷ್ಟಕ್ಕಷ್ಟೇ. ಮುಂಚೆ ಕೂರಿಸಿ ಮಾತಾಡುವುದಕ್ಕೆ ಇದು ಮೊದಲ ಕಾರಣ.

ಎರಡನೇ ಕಾರಣ ಜೀವದ್ದು. ಹೋದ ಬೇಸಿಗೆಯಲ್ಲಿ ಒಬ್ಬ ಹಿರಿಯರು ಮಗನ ಜೊತೆ ಬಂದರು. 'ಮೀನಖಂಡ ಹಿಡದೈತಿ, ನರ ಏರೈತಿ, ಸ್ವಲ್ಪ ಎಳದು ಬಿಡ್ರಿ' ಅಂದರು. ಕುರ್ಚಿಯಲ್ಲಿ ಕೂರಿಸಿ ಧೋತರ ಮೊಣಕಾಲಿನ ತನಕ ಸರಿಸಿ ಎರಡೂ ಕಾಲು ನೋಡಿದೆ. ಎಡಗಾಲು ಬಲಗಾಲಿಗಿಂತ ದಪ್ಪ ಇತ್ತು, ಚರ್ಮ ಬಿಗಿದು ಹೊಳೆಯುತ್ತಿತ್ತು, ಅಂಗೈ ಹಿಂಬದಿ ಇಟ್ಟರೆ ಆ ಕಾಲು ಬೆಚ್ಚಗೆ. ಟೇಪು ಹಿಡಿದು ಅಳೆದರೆ ಫರಕು ಸ್ಪಷ್ಟವಾಗಿ ಕಂಡಿತು. 'ಅಜ್ಜಾರ, ಇತ್ತೀಚೆ ಏನರ ಆಪರೇಷನ್ ಆಗೇತೇನ್ರಿ?' ಅಂತ ಕೇಳಿದೆ. ಚಪ್ಪೆಯ, ಅಂದರೆ ಸೊಂಟದ ಕೀಲಿನ, ಆಪರೇಷನ್ ಆಗಿ ತಿಂಗಳೂ ಆಗಿರಲಿಲ್ಲ. ಮಗನಿಗೆ ಅದನ್ನು ಹೇಳಬೇಕು ಅಂತ ಅನಿಸಿಯೇ ಇರಲಿಲ್ಲ, ನೋವು ಇದ್ದದ್ದು ಮೀನಖಂಡದಲ್ಲಿ ಅಲ್ವಾ! ಎಣ್ಣೆ ಬಾಟಲಿ ಮುಟ್ಟದೆ ಹಾಗೇ ದವಾಖಾನೆಗೆ ಕಳಿಸಿದೆ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಂಥ ಕಾಲನ್ನು ಒತ್ತಿದರೆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು, ಮನುಷ್ಯ ಅಲ್ಲೇ ಹೋಗಲೂಬಹುದು. ಒಂದೇ ಕಾಲು ಬಾತು, ಬಿಸಿಯಾಗಿ, ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್, ಪ್ಲಾಸ್ಟರ್, ಹಾಸಿಗೆ ಹಿಡಿದದ್ದು, ಹೆರಿಗೆ, ತಾಸುಗಟ್ಟಲೆ ಬಸ್ಸಿನ ಪ್ರಯಾಣ ಇವುಗಳಲ್ಲಿ ಯಾವುದಾದರೂ ಹಿಂದೆ ಆಗಿದ್ದರೆ ತಿಕ್ಕಬೇಡಿ, ತಿಕ್ಕಿಸಿಕೊಳ್ಳಬೇಡಿ. ಡಾಕ್ಟರ ಹತ್ತಿರ ಹೋಗಿ.

ಕೇಳಿದರೆ ನಮ್ಮ ಜನ ಸಿಟ್ಟಾಗುತ್ತಾರೆ, ಅದು ಬೇರೆ ಮಾತು. 'ನಾವೇನ ದವಾಖಾನಿಗೆ ಬಂದೀವೇನ್ರಿ, ಇಷ್ಟ್ಯಾಕ ವಿಚಾರಣಿ?' ಅಂತ ಒಬ್ಬ ಮಾವ ಎದ್ದೇ ಹೋದರು. ಹೋಗಲಿ. ಯಾವ ಗುಳಿಗೆ ತಗೋತೀರಿ ಅಂತ ಕೇಳುವುದು ಚೌಕಾಶಿಗಲ್ಲ. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರಿಗೆ, ಅಂದರೆ ವಾರ್ಫರಿನ್ ಇರಲಿ, ಸ್ಟೆಂಟ್ ಹಾಕಿದ ಮೇಲೆ ಕೊಡುವ ಗುಳಿಗೆ ಇರಲಿ, ಜೋರಾಗಿ ಒತ್ತಿದರೆ ಮೈ ನೀಲಿಗಟ್ಟಬಹುದು. ಬಿಪಿ ಗುಳಿಗೆ ತಗೊಳ್ಳುವವರು ಮಾಲೀಸು ಮುಗಿದ ಕೂಡಲೇ ಧಡಕ್ಕನೆ ಎದ್ದರೆ ತಲೆ ತಿರುಗಿ ಬೀಳಬಹುದು. ಜ್ವರ ಇದ್ದರೆ, ಚರ್ಮದ ಸೋಂಕು ಇದ್ದರೆ, ಹೊಸ ಗಾಯ ಇದ್ದರೆ ಆ ದಿನ ಬೇಡವೇ ಬೇಡ. ಕ್ಯಾನ್ಸರ್ ಇದ್ದವರಿಗೆ ಮುಟ್ಟಲೇಬಾರದು ಅಂತಿಲ್ಲ, ಆದರೆ ಅವರ ಡಾಕ್ಟರನ್ನು ಕೇಳಿಯೇ, ಮೆತ್ತಗೆ, ಗಡ್ಡೆಯ ಜಾಗ ಬಿಟ್ಟು. ಇದೆಲ್ಲ ಇಂಗ್ಲಿಷ್ ವೈದ್ಯದ ಹೆದರಿಕೆ ಅನ್ನುವವರೂ ಇದ್ದಾರೆ. ದಿನಾ ಅಭ್ಯಂಗ (ಮೈಗೆ ಎಣ್ಣೆ ತಿಕ್ಕುವುದು) ಮಾಡಿ, ಅದರಲ್ಲೂ ತಲೆ, ಕಿವಿ, ಪಾದಕ್ಕೆ ಮರೆಯಬೇಡಿ ಎಂದು ಹೇಳಿದ ಆಯುರ್ವೇದದ ಹಳೆಯ ಗ್ರಂಥಕಾರ ವಾಗ್ಭಟನೇ ಕಫ ಹೆಚ್ಚಿದವರಿಗೆ, ಅಜೀರ್ಣ ಆದವರಿಗೆ, ಆಗಷ್ಟೇ ಶೋಧನ (ವಾಂತಿ, ಭೇದಿ ಮಾಡಿಸುವ ಚಿಕಿತ್ಸೆ) ಮಾಡಿಸಿಕೊಂಡವರಿಗೆ ಬೇಡ ಅಂತ ಅಲ್ಲೇ ಬರೆದಿದ್ದಾನೆ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ಅದು ತಾಲೀಮಿನದು. ಬೆಳಗಾವಿ, ಮುಧೋಳ, ಜಮಖಂಡಿ ಕಡೆ ಕುಸ್ತಿ ಅಂದರೆ ಪ್ರಾಣ, ಒಳ್ಳೆಯದೇ. ಆದರೆ ಮೊಣಕೈ ಊರಿ, ಕಾಲಿನಿಂದ ತುಳಿದು ಮಾಡುವ ಆ ಮಾಲೀಸು ಹಾಲು, ಬದಾಮಿ ಕುಡಿದು ಬೈಠಕ್ ಹೊಡೆದ ಹುಡುಗನ ಮೈಗೆ ಇರುವಂಥದ್ದು. ಅದೇ ಕೈಯನ್ನು ಎಲುಬು ಸವೆದ ಅಜ್ಜಿಯ ಬೆನ್ನಿಗೆ ಹಾಕಿದರೆ ಪಕ್ಕೆಲುಬು ಬಿರುಕು ಬಿಡಬಹುದು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಟೊಳ್ಳಾಗುತ್ತದೆ, ಅದು ಹೊರಗೆ ಕಾಣುವುದಿಲ್ಲ, ಕೇಳಿದರೇ ಗೊತ್ತಾಗೋದು: ಹಿಂದೆ ಸುಮ್ನೆ ಜಾರಿ ಬಿದ್ದಾಗ ಎಲುಬು ಮುರಿದಿತ್ತೇ, ಎತ್ತರ ಕಡಿಮೆ ಆಗಿದೆಯೇ, ಬೆನ್ನು ಬಾಗಿದೆಯೇ.

ಶುಗರ್ ಇದ್ದವರ ವಿಷಯದಲ್ಲಂತೂ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಓಣಿಯ ಒಬ್ಬ ಅಕ್ಕ ಊರಿನ ಒಂದು ಸೆಂಟರಿಗೆ ಹೋಗಿ ಬಿಸಿ ಪೊಟ್ಟಣದ ಶಾಖ ಕೊಡಿಸಿಕೊಂಡು ಬಂದರು. ಮನೆಗೆ ಬಂದು ನೋಡಿದರೆ ಅಂಗಾಲಿನಲ್ಲಿ ಬೊಕ್ಕೆ. ಬಿಸಿ ಆಗುತ್ತಿದೆ ಅಂತ ಅವರು ಹೇಳಲಿಲ್ಲ, ಯಾಕೆಂದರೆ ವರ್ಷಗಳ ಶುಗರಿನಿಂದ ಪಾದಕ್ಕೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಅಲ್ಲಿ ಯಾರೂ ಶುಗರ್ ಇದೆಯಾ ಅಂತ ಕೇಳಿರಲಿಲ್ಲ. ಗಾಯ ಒಣಗಲು ತಿಂಗಳುಗಟ್ಟಲೆ ಹಿಡಿಯಿತು. ಒಂದೇ ಒಂದು ಪ್ರಶ್ನೆ, ಅರ್ಧ ನಿಮಿಷದ ಕೆಲಸ.

ಕಟಿಂಗ್ ಅಂಗಡಿಯಲ್ಲಿ ತಲೆ ಮಾಲೀಸು ಮುಗಿಸಿ ಗದ್ದ ಹಿಡಿದು ಲಟಕ್ ಅಂತ ಕುತ್ತಿಗೆ ತಿರುಗಿಸುತ್ತಾರಲ್ಲ, ಅದನ್ನು ಬೇಡ ಅನ್ನಿ. ಕುತ್ತಿಗೆಯ ಎಲುಬುಗಳ ಸಂದಿಯಲ್ಲೇ ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಹಾಯುತ್ತವೆ. ಜೋರಾಗಿ ತಿರುವಿದರೆ ಆ ನಾಳದ ಒಳಪದರ ಹರಿದು ಲಕ್ವಾ ಹೊಡೆಯಬಹುದು. ಅಪರೂಪ, ಹೌದು. ಆದರೆ ಆ ಲಟಕ್‌ನಿಂದ ಸಿಗುವ ಲಾಭವಾದರೂ ಏನು?

ಬಾಣಂತಿಯರಿಗೆ ಸಿಸೇರಿಯನ್ ಆಗಿದ್ದರೆ ಗಾಯ ಮಾಯ್ದು ಡಾಕ್ಟರು ಹೂಂ ಅನ್ನುವ ತನಕ ಹೊಟ್ಟೆ ತಿಕ್ಕುವುದು ಬೇಡ. ಕೂಸಿಗೆ ಎರೆಯುವ ಅಜ್ಜಿಯರ ಕೈ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ದಿನಕ್ಕೆ ಮೂರು ಸಲ 15 ನಿಮಿಷ ನೀವಿದಾಗ, ನೀವದ ಮಕ್ಕಳಿಗಿಂತ ತೂಕದ ಏರಿಕೆ 47% ಹೆಚ್ಚಿತ್ತು ಅಂತ 1986ರಲ್ಲೇ ಅಮೆರಿಕದ ಸಂಶೋಧಕಿ ಟಿಫನಿ ಫೀಲ್ಡ್ ತೋರಿಸಿದ್ದಾರೆ. ಆದರೆ ಕೂಸಿನ ಮೂಗಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿ, ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಇನ್ನು ಮಾಡಿಸಿಕೊಳ್ಳುವ ದಿನದ ತಯಾರಿ. ಎರಡು ರೊಟ್ಟಿ ಜಾಸ್ತಿ ಜಡಿದು ನೇರ ಬಂದು ಬೋರಲು ಮಲಗಬೇಡಿ, ಊಟವಾಗಿ ಎರಡು ತಾಸಾದರೂ ಆಗಲಿ. ಖಾಲಿ ಹೊಟ್ಟೆಯೂ ಬೇಡ, ಶುಗರ್ ಗುಳಿಗೆ ತಗೊಂಡವರಂತೂ ಹಾಗೆ ಬರಲೇಬೇಡಿ. ಕುಡಿದು ಬಂದವರಿಗೆ ನಾನು ಬಾಗಿಲಲ್ಲೇ ಕೈ ಮುಗಿಯುತ್ತೇನೆ. ಉಂಗುರ, ಸರ ಮನೆಯಲ್ಲೇ ಬಿಟ್ಟು ಬನ್ನಿ, ಮಲಗುವ ಮುಂಚೆ ಒಂದಕ್ಕೆ ಹೋಗಿ ಬನ್ನಿ. ಎಳ್ಳೆಣ್ಣೆ, ಸಾಸಿವೆ ಎಣ್ಣೆ ಯಾವುದಾದರೂ ಮೈಗೆ ಆಗಿಬರುವುದಿಲ್ಲ ಅಂತಿದ್ದರೆ ಮೊದಲೇ ಹೇಳಿ. ಹೊಸ ಎಣ್ಣೆ ಆದರೆ ಮುಂಗೈ ಒಳಭಾಗಕ್ಕೆ ಚೂರು ಹಚ್ಚಿ ಹಿಂದಿನ ದಿನವೇ ನೋಡಿದರೆ ಒಳ್ಳೆಯದು. ನಮ್ಮ ಊರಿನ ಮಳೆಗಾಲದಲ್ಲಿ ಎಣ್ಣೆ ತಣ್ಣಗಿದ್ದರೆ ಮುಟ್ಟಿದ ಕೂಡಲೇ ಮೈ ಮುದುಡುತ್ತದೆ, ಅದಕ್ಕೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ, ಮೊದಲು ನನ್ನ ಮಣಿಕಟ್ಟಿಗೆ ಬಿಟ್ಟು ನೋಡುತ್ತೇನೆ.

ಯಾವ ಬಟ್ಟೆ ತೆಗೆಯಬೇಕು, ಯಾವುದು ಬೇಕಿಲ್ಲ, ಎಲ್ಲೆಲ್ಲಿ ಕೈ ಇಡುತ್ತೇನೆ, ಎಲ್ಲಿ ಇಡುವುದಿಲ್ಲ ಅನ್ನೋದನ್ನು ಮಾಡುವವರು ಬಟ್ಟೆ ಬಿಚ್ಚುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೊರಗೆ ಹೋಗಿ ನಿಲ್ಲಬೇಕು. ತಿಕ್ಕುವ ಜಾಗ ಬಿಟ್ಟು ಉಳಿದ ಮೈಗೆ ಚಾದರ ಇರಬೇಕು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಮಾಡಲಿ, ಜೊತೆಗೆ ಮನೆಯವರು ಇರುತ್ತೇವೆ ಅಂದರೆ ಇರಲಿ. ನಡುವೆ ಯಾವಾಗ ಬೇಕಾದರೂ ಸಾಕು ಅನ್ನಬಹುದು, ಅದಕ್ಕೆ ಕಾರಣ ಕೊಡಬೇಕಿಲ್ಲ. ಇಷ್ಟನ್ನೂ ಹೇಳದ ಕಡೆ ಬಣ್ಣದ ದೀಪ, ವಾಸನೆಯ ಕಡ್ಡಿ ಎಷ್ಟೇ ಇರಲಿ, ಎದ್ದು ಬನ್ನಿ.

ಮತ್ತೆ, 'ತಡಕೋತೀನಿ' ಅನ್ನಬೇಡಿ. ಬಾಯಲ್ಲಿ ಇಲ್ಲ ಅಂದರೂ ಮೈ ಸುಳ್ಳು ಹೇಳುವುದಿಲ್ಲ. ಉಸಿರು ಹಿಡಿದರೆ, ಕಾಲ್ಬೆರಳು ಮುದುಡಿದರೆ, ಮುಷ್ಟಿ ಕಟ್ಟಿದರೆ ನನ್ನ ಒತ್ತಡ ಜಾಸ್ತಿ ಆಯಿತು ಅಂತ ಅರ್ಥ, ಕೂಡಲೇ ಕೈ ಹಗುರ ಮಾಡುತ್ತೇನೆ. ಮುಗಿದ ಮೇಲೆ ಮಗ್ಗುಲಿಗೆ ಹೊರಳಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕುಳಿತು ಎದ್ದೇಳಿ. ನೀರಡಿಸಿದರೆ ನೀರು ಕುಡಿಯಿರಿ, ವಿಷ ತೊಳೆಯಲಿ ಅಂತ ತಂಬಿಗೆಗಟ್ಟಲೆ ಬೇಡ. ಒಂದೆರಡು ದಿನ ಸಣ್ಣಗೆ ಮೈ ನೋಯಬಹುದು. ಮೈ ಕಪ್ಪು-ನೀಲಿ ಆದರೆ, ಕೈಕಾಲು ಜೋಮು ಹಿಡಿದು ಬಿಡದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಬೆನ್ನುನೋವಿನ ಜೊತೆ ಉಚ್ಚೆ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಹೋದರೆ ಮಾಲೀಸಿನವನ ಹತ್ತಿರ ಬರಲೇಬೇಡಿ, ನೇರ ದೊಡ್ಡ ದವಾಖಾನೆಗೆ ಹೋಗಿ.

ಸಂಪಾದಕರೇ, ದೀಪಾವಳಿಗೆ ಮನೆಮನೆಯಲ್ಲೂ ಹಿರಿಯರನ್ನು ಕೂರಿಸಿ ಎಣ್ಣೆ ಹಚ್ಚಿ ಎರೆಯುತ್ತಾರೆ. ಅದಕ್ಕೆ ಒಂದು ವಾರ ಮುಂಚೆ ಒಬ್ಬ ಫಿಜಿಯೋಥೆರಪಿಸ್ಟ್, ಒಬ್ಬ ಆಯುರ್ವೇದ ಡಾಕ್ಟರು, ಇಬ್ಬರನ್ನೂ ಕೇಳಿ ಈ ಪ್ರಶ್ನೆಗಳದೇ ಒಂದು ಬಾಕ್ಸ್ ಮಾಡಿ ಹಾಕಿ. ದಪ್ಪ ಅಕ್ಷರದಲ್ಲಿ ಹಾಕಿದರೆ ನಾನೇ ಕತ್ತರಿಸಿ ಕೋಣೆಯ ಬಾಗಿಲಿಗೆ ಅಂಟಿಸುತ್ತೇನೆ, ಆಗಲಾದರೂ ನನ್ನ ಮೇಲೆ ಸಿಟ್ಟಾಗುವವರು ನಿಮ್ಮ ಮೇಲೆ ಸಿಟ್ಟಾಗಲಿ.

ಇತಿ,
ಮಾಲೀಸು ಮಾಡುವವನೊಬ್ಬ
ವಡಗಾವಿ, ಬೆಳಗಾವಿ