ಶನಿವಾರ ಮಕ್ಕಳಿಗೆ ತೋರಿಸುವ ಸಿನಿಮಾದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಈ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ಅಮೆರಿಕದ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್ ಅವರ ‘ದಿ ಜನರಲ್’ ತೋರಿಸುತ್ತೇವೆ. 1926ರ ಮೂಕಿ ಚಿತ್ರ. ನಡುನಡುವೆ ಬರುವ ಬರಹವನ್ನು ನಾನೇ ಕನ್ನಡದಲ್ಲಿ ಓದಿ ಹೇಳುತ್ತೇನೆ.

ಸಿನಿಮಾಕ್ಕೆ ಮುಂಚೆ ಅದರ ಹಿಂದಿನ ನಿಜ ಕಥೆ ನಿಮಗೂ ಗೊತ್ತಿರಲಿ ಅಂತ ಈ ಪತ್ರ.

ಅದು ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. 1862ರ ಏಪ್ರಿಲ್ 12ರ ಬೆಳಗ್ಗೆ ದಕ್ಷಿಣದ ಜಾರ್ಜಿಯಾ ರಾಜ್ಯದ ಬಿಗ್ ಶಾಂಟಿಯಲ್ಲಿ ರೈಲು ತಿಂಡಿಗೆ ನಿಂತಿತ್ತು. ಜೇಮ್ಸ್ ಆಂಡ್ರ್ಯೂಸ್ ಎಂಬ ಗೂಢಚಾರ ಮತ್ತು ಅವನ ಜೊತೆಯವರು ‘ಜನರಲ್’ ಎಂಬ ಎಂಜಿನ್ ಅನ್ನು ಮೂರು ಡಬ್ಬಿಗಳ ಸಮೇತ ಓಡಿಸಿಕೊಂಡು ಹೋದರು. ಉತ್ತರದ ಸೈನಿಕರು, ಆದರೆ ಮೈಮೇಲೆ ಸಾಮಾನ್ಯರ ಬಟ್ಟೆ. ಟೆಲಿಗ್ರಾಫ್ ತಂತಿ ಕತ್ತರಿಸುವುದು, ಹಳಿ ಕೀಳುವುದು, ಸೇತುವೆ ಸುಡುವುದು ಅವರ ಲೆಕ್ಕಾಚಾರ. ಹಾಗೆ ಮಾಡಿದರೆ ಉತ್ತರದವರು ಹಿಡಿಯಬೇಕೆಂದಿದ್ದ ಚಟನೂಗಾ ಊರಿಗೆ ದಕ್ಷಿಣದವರ ನೆರವು ತಲುಪುವುದಿಲ್ಲ.

ರೈಲಿನ ಕಂಡಕ್ಟರ್ ವಿಲಿಯಂ ಫುಲ್ಲರ್ ತಿಂಡಿ ಬಿಟ್ಟು ಎದ್ದು ಹಳಿಯ ಮೇಲೇ ಓಡಿದರು! ಆಮೇಲೆ ಕೈಯಿಂದ ತಳ್ಳುವ ಟ್ರಾಲಿ, ಆಮೇಲೆ ಒಂದರ ಹಿಂದೊಂದು ಸಿಕ್ಕ ಎಂಜಿನ್‌ಗಳು. ಕೊನೆಯದಾದ ‘ಟೆಕ್ಸಾಸ್’ ಅನ್ನು ಹಿಮ್ಮುಖವಾಗಿಯೇ ಓಡಿಸಿದರು. ಅತ್ತ ಕಿಂಗ್‌ಸ್ಟನ್‌ನಲ್ಲಿ ಎದುರಿನಿಂದ ಬರುವ ರೈಲುಗಳಿಗಾಗಿ ಕಾಯುತ್ತಾ ಆಂಡ್ರ್ಯೂಸ್ ಒಂದು ಗಂಟೆಗೂ ಜಾಸ್ತಿ ಹೊತ್ತು ಕಳೆದುಕೊಂಡ. ಮಳೆಗೆ ಮರದ ಸೇತುವೆ ನೆಂದಿತ್ತು, ಬೆಂಕಿ ಹತ್ತಲಿಲ್ಲ. ಸುಮಾರು 140 ಕಿಲೋಮೀಟರ್ ಓಡಿದ ಮೇಲೆ ರಿಂಗ್‌ಗೋಲ್ಡ್ ಹತ್ತಿರ ಎಂಜಿನ್‌ಗೆ ಸೌದೆ ಮುಗಿಯಿತು.

ಎಲ್ಲರೂ ಸೆರೆಸಿಕ್ಕರು. ಆಂಡ್ರ್ಯೂಸ್ ಸೇರಿ ಎಂಟು ಜನರನ್ನು ಗಲ್ಲಿಗೇರಿಸಿದರು. ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಅನ್ನು ಮೊದಲ ಬಾರಿ, 1863ರಲ್ಲಿ, ಪಡೆದವರು ಈ ತಂಡದವರೇ.

ಸಿನಿಮಾದಲ್ಲಿ ಗಲ್ಲು ಇಲ್ಲ. ಅಲ್ಲಿ ನಾಯಕ ದಕ್ಷಿಣದ ಎಂಜಿನ್ ಡ್ರೈವರ್, ಎಂಜಿನ್ ಕದ್ದವರೇ ಕೆಟ್ಟವರು. ದಕ್ಷಿಣದವರನ್ನು ಖಳರಾಗಿ ತೋರಿಸಿದರೆ ಜನ ಒಪ್ಪುವುದಿಲ್ಲ ಎಂದು ಕೀಟನ್ ಅಂದುಕೊಂಡಿದ್ದರು. ಆ ದಕ್ಷಿಣ ಲಕ್ಷಾಂತರ ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿತ್ತು. ಅದನ್ನು ಉಳಿಸಿಕೊಳ್ಳಲೆಂದೇ ಬೇರೆಯಾಗಿತ್ತು. ಕಥೆಯಲ್ಲಿ ಆ ಮಾತೇ ಇಲ್ಲ. ನನಗೆ ಇದು ದೊಡ್ಡ ಕೊರತೆ ಅನಿಸುತ್ತದೆ. ಹಾಗಂತ ತೋರಿಸದೆ ಬಿಡುವುದು ಬೇಡ, ಅಲ್ವಾ? ಸಿನಿಮಾ ಮುಗಿದ ಮೇಲೆ ಸಮಾಜ ವಿಜ್ಞಾನದ ಮೇಷ್ಟ್ರು ಇದನ್ನೇ ಮಕ್ಕಳ ಮುಂದಿಟ್ಟು ಮಾತಾಡುತ್ತಾರೆ. ಮನೆಗೆ ಬಂದ ಮೇಲೆ ನೀವೂ ಒಂದು ಪ್ರಶ್ನೆ ಕೇಳಿ: ಇದೇ ಕಥೆಯನ್ನು ಆಂಡ್ರ್ಯೂಸ್ ಹೇಳಿದ್ದರೆ ಹೇಗಿರುತ್ತಿತ್ತು?

ಆದರೂ ಕೀಟನ್ ಕೆಲಸ ನೋಡಿದರೆ ಮನಸ್ಸು ತುಂಬುತ್ತದೆ. ಸೇತುವೆ ಕುಸಿದು ನದಿಗೆ ಬೀಳುವುದು ನಿಜವಾದ ಎಂಜಿನ್. ಆರೆಗನ್‌ನಲ್ಲಿ ಚಿತ್ರೀಕರಿಸಿದ ಆ ಒಂದು ದೃಶ್ಯಕ್ಕೆ ಅಪಾರ ದುಡ್ಡು ಸುರಿದಿದ್ದರು. ಓಡುವ ಎಂಜಿನ್ ಮೇಲಿನ ಸಾಹಸವೆಲ್ಲ ಅವರೇ ಮಾಡಿದ್ದು.

ಇಲ್ಲೇ ನನಗೊಂದು ಆತಂಕ. ನಮ್ಮ ಶಾಲೆಯ ಹಿಂದೆಯೇ ರೈಲು ಹಳಿ ಇದೆ. ಹಳಿ ಮೇಲೆ ನಾಣ್ಯ ಇಟ್ಟು ಕಾಯುವ ಹುಡುಗರನ್ನು ಹೋದ ತಿಂಗಳು ನಾನೇ ಕರೆದುಕೊಂಡು ಬಂದೆ. ದಯವಿಟ್ಟು ಶುಕ್ರವಾರ ರಾತ್ರಿಯೇ ಮಕ್ಕಳ ಜೊತೆ ಈ ಬಗ್ಗೆ ಮಾತಾಡಿ.

ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ. ಬಿಡುವಿದ್ದರೆ ನೀವೂ ಬನ್ನಿ, ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ