ಲ್ಯಾಬ್ ಬೀಗ ತೆಗೆಸಿದ ಮೇಷ್ಟ್ರಿಗೆ

ಮೇಷ್ಟ್ರೇ, ಹೆಸರು ಹಾಕಬೇಡಿ ಅಂದಿರಿ, ಹಾಕುವುದಿಲ್ಲ. ಆದರೆ ತಾಲ್ಲೂಕಿನ ಶಿಕ್ಷಕರಿಗೆ ತರಬೇತಿ ಕೊಡುವ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಂಪ್ಯೂಟರ್ ತರಬೇತಿ ಹುದ್ದೆಗೆ ನೀವೇ ತಕ್ಕವರು ಎಂದು ಹೇಳದೆ ಇರಲಾರೆವು.

ನೀವು ಬೀಗ ತೆಗೆಸಿದ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಯಾವ ವೆಬ್‌ಸೈಟೂ ತೆರೆಯದಿದ್ದರೆ ಎಲ್ಲರೂ ಇಂಟರ್ನೆಟ್ಟನ್ನು ದೂರುತ್ತಾರೆ. ನೀವು ಮೊದಲು ನೋಡುವುದು ಕಂಪ್ಯೂಟರಿನ ಗಡಿಯಾರ. ಮದರ್‌ಬೋರ್ಡಿನ ಮೇಲೆ ಕೂತು ಆ ಗಡಿಯಾರ ನಡೆಸುವ ಸಿಆರ್2032 ಬ್ಯಾಟರಿ, ಆ 3 ವೋಲ್ಟಿನ ಬಿಲ್ಲೆ, ಸತ್ತರೆ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಸೈಟುಗಳ ಭದ್ರತಾ ಪ್ರಮಾಣಪತ್ರದ ಅವಧಿ ಆ ದಿನಾಂಕಕ್ಕೆ ತಾಳೆಯಾಗದೆ ಸೈಟು ತೆರೆಯುವುದಿಲ್ಲ. ಬೀಪ್ ಹೊಡೆದು ಪರದೆ ಕಪ್ಪಾದರೆ ಪವರ್ ವೈರ್ ಕಿತ್ತು, ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಬೇಕು. ಇದನ್ನು 8ನೇ ತರಗತಿಯ ಮಕ್ಕಳೇ ಮಾಡುವಂತೆ ಕಲಿಸಿದಿರಿ.

ಅದಕ್ಕಿಂತ ದೊಡ್ಡ ಉಪಕಾರ ಹಳೆಯ ಪ್ರಶ್ನೆಪತ್ರಿಕೆಗಳದ್ದು. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು. ನೀವು ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿಗೆ, ತಂದಿರಿ. ಎಡವುವುದು ಅರ್ಕಾವತ್ತಿನಲ್ಲೇ: ಹಳೆಯ ಕಡತದ 'ಸೂರ್ಯ'ದಲ್ಲಿ ಯ ಮೊದಲು, ಅರ್ಕಾವತ್ತು ಆಮೇಲೆ, ಯೂನಿಕೋಡಿನಲ್ಲಿ 'ರ್' ಮೊದಲು. ಪರಿವರ್ತಿಸುವ ತಂತ್ರಾಂಶ ಇಲ್ಲಿ ತಪ್ಪಿದರೆ ಕಣ್ಣಿಟ್ಟು ತಿದ್ದಬೇಕು, ಒಂದೊಂದೇ ಪುಟ. ಅಷ್ಟು ತಾಳ್ಮೆ ಎಲ್ಲರಿಗೆ ಇರುವುದಿಲ್ಲ. ಈಗ ಆ ಪ್ರಶ್ನೆಗಳು ಮಕ್ಕಳ ಅಪ್ಪ ಅಮ್ಮಂದಿರ ಮೊಬೈಲಿನಲ್ಲೂ ಓದಲು ಸಿಗುತ್ತವೆ, ಪದ ಕೊಟ್ಟು ಹುಡುಕಿದರೂ ಸಿಗುತ್ತವೆ.

ಆಯ್ಕೆ ಮಾಡುವವರಲ್ಲಿ ನಮ್ಮ ವಿನಂತಿ ಇಷ್ಟೇ: ಬೀಗ ಹಾಕಿದ ಲ್ಯಾಬುಗಳು ತಾಲ್ಲೂಕಿನಲ್ಲಿ ಇನ್ನೂ ಇವೆ, ಇವರನ್ನು ಅಲ್ಲಿಗೆ ಕಳಿಸಿ. ಮೇಷ್ಟ್ರೇ, ನಿಮಗೆ ನಮ್ಮೆಲ್ಲರ ಮನಸಾರೆ ಧನ್ಯವಾದ.